ಮದಿವಿ ಡಿವಿಡಿ ಕೊಡೋಕಿಂತ ಮೊದಲ ಮೆನು ಒಮ್ಮೆ ಡಬ್ಬಾ ಟಿವ್ಯಾಗ ನೋಡ್ರಿ

ಸಂಪಾದಕರಿಗೆ ನಮಸ್ಕಾರ್ರೀ,

ನಮ್ಮ ಹುಬ್ಬಳ್ಳಿ-ಧಾರವಾಡ, ಹಾವೇರಿ ಕಡೆ ಇನ್ನೂ ಎಷ್ಟೋ ಮನ್ಯಾಗ ಮದಿವಿ, ಜವಳ, ಮನಿ ಶಾಂತಿ ವಿಡಿಯೋ ಎಲ್ಲಾ ಡಿವಿಡಿ ಮ್ಯಾಲೇ ಅದಾವು, ಅದರ ಮೆನು, ಅಂದ್ರ ಡಿವಿಡಿ ಹಾಕಿದ ಕೂಡಲೇ ಬಟನ್ ತೋರಿಸೋ ಪರದೆ, ಅದರ ಬಗ್ಗೆ ಒಂದು ಮಾತು ಸ್ಟುಡಿಯೋದವರಿಗೂ, ಮನ್ಯಾಗ ಕುಂತು ಡಿವಿಡಿ ಮಾಡೋ ಹುಡುಗರಿಗೂ ಮುಟ್ಟಲಿ ಅಂತ ಬರಿಯಾಕತ್ತೀನಿ, ಜಾಗಾ ಇದ್ರ ಹಾಕ್ರಿ.

ತಂಗಿ ಮದಿವಿ ವಿಡಿಯೋ ಜೊತಿಗೆ ನಮ್ಮಪ್ಪನ ಹಳೇ ಭಜನಿ ವಿಡಿಯೋನೂ ಸೇರಿಸಿ ಒಂದ ಡಿವಿಡಿ ಮಾಡಿಕೊಡ್ರಿ ಅಂತ ಒಂದು ಸ್ಟುಡಿಯೋಕ್ಕ ಕೊಟ್ಟಿದ್ವಿ. ಅಪ್ಪ ಈಗಿಲ್ಲ. ಮೆನುದಾಗ ನಾಕು ಬಟನ್, ಒಂದರ ಕೆಳಗ ಒಂದು: ಅರಿಷಿಣ, ಅಕ್ಕಿಕಾಳು, ಬೀಗರ ಊಟ, ಕಡೀಕ ಅಪ್ಪನ ಭಜನಿ. ಹಿಂದ ಅಪ್ಪ ತಾಳ ಹಿಡಕೊಂಡು ಕುಂತ ಫೋಟೋ. ಹಾನಗಲ್ಲ ತಾಲೂಕಿನ ನಮ್ಮೂರಾಗ ಅವ್ವನ ಹತ್ರ ಇರೋದು ಹಳೇ ಡಬ್ಬಾ ಟಿವಿ. ಅಕಿ ರಿಮೋಟ್ ಒತ್ತಿದ್ರ ಯಾವ ಬಟನ್ ಮ್ಯಾಲೆ ಅದೀವಿ ಅಂತ ತೋರಿಸೋ ಹಳದಿ ಗೆರಿ ಯಾವ ಹೆಸರಿನ ಕೆಳಗೂ ಬರವಲ್ದು, ಮೊದಲನೇ ಬಟನ್‌ಗೆ ಹೋದ್ರ ಗೆರಿ ಹೆಸರಿನಕಿಂತ ಮ್ಯಾಲೆ, ಅಪ್ಪನ ಭಜನಿಗೆ ಹೋದ್ರ ಭಾಳ ಕೆಳಗ, ಕರೀ ಪಟ್ಟಿ ಹತ್ರ ಎಲ್ಲೋ. ಅವ್ವ ರಿಮೋಟ್ ಕೆಟ್ಟೈತಿ ಅಂತ ಎರಡು ಸಲ ಸೆಲ್ ಬದಲಿ ಮಾಡ್ಯಾಳ. ಎರಡು ತಿಂಗಳು ಅಕಿ ಭಜನಿ ನೋಡೇ ಇಲ್ಲ, ನನಗ ಹೇಳೂ ಇಲ್ಲ, ಹಬ್ಬಕ್ಕ ಹೋದಾಗ ನಾ ಕಣ್ಣಾರೆ ನೋಡಿದ ಮ್ಯಾಲೇ ಗೊತ್ತಾತು. ಸ್ಟುಡಿಯೋದವರನ್ನ ಕೇಳಿದ್ರ ಟಿವಿ ಹಳೇದು, ಬದಲಿ ಮಾಡ್ರಿ ಅಂದ್ರು. ನನಗ ಭಾಳ ಬ್ಯಾಸರಾತು, ಯಾಕಂದ್ರ ತಪ್ಪು ಟಿವೀದಲ್ಲ.

ಹುಬ್ಬಳ್ಳಿ ನಮ್ಮನ್ಯಾಗಿನ ಎಲ್‌ಇಡಿ ಟಿವ್ಯಾಗ ಹಾಕಿದ್ರ ಗೆರಿ ಬರೋಬರಿ ಕುಂದರ್ತೈತಿ, ಆದ್ರ ಅಲ್ಲಿ ಇನ್ನೊಂದು ತಪ್ಪು ಕಂಡ್ತು. ಅಪ್ಪನ ಕೈಯಾಗಿನ ತಾಳ ದುಂಡಗ ಇರಬೇಕಲ್ರೀ, ಅಡ್ಡ ಮಲಗಿಸಿದ ತತ್ತಿ ಆಗಿತ್ತು. ಮಾರಿನೂ ಹಂಗ ಅಗಲ. ಯಾರ ಮಾರಿ ಖರೆ ಎಷ್ಟು ಅಗಲ ಇತ್ತು ಅಂತ ಜಗಳಾಡಬಹುದು, ತಾಳ ದುಂಡಗ ಐತೋ ಇಲ್ಲೋ ಅನ್ನೋದಕ್ಕ ಜಗಳಿಲ್ಲ. ಮೆನುದಾಗ ತಾಳ, ಬಳಿ, ತಾಟು ಏನರ ಒಂದು ದುಂಡಂದು ಇದ್ರ ಮೊದಲ ಅದನ್ನ ನೋಡ್ರಿ.

ಇದು ಯಾಕ ಹಿಂಗ ಆಗ್ತೈತಿ ಅಂದ್ರ, ನಮ್ಮ ದೇಶದ ಪಾಲ್ ಅನ್ನೋ ಟಿವಿ ಪದ್ಧತಿ ಡಿವಿಡ್ಯಾಗ ಚಿತ್ರ 720 x 576 ಪಿಕ್ಸೆಲ್, ಅಗಲ ಟಿವಿ ಇರಲಿ ಡಬ್ಬಾ ಟಿವಿ ಇರಲಿ ಅಷ್ಟೇ. 16:9 (ಅಗಲ 16 ಪಾಲು, ಎತ್ತರ 9 ಪಾಲು) ಅಂತ ಒಂದು ಗುರ್ತು ಡಿಸ್ಕಿನ್ಯಾಗ ಹಾಕಿದ್ರ ಪ್ಲೇಯರ್ ಅದನ್ನ ಅಗಲ ಚಿತ್ರ ಅಂತ ತಿಳಕೊಂಡು ತೋರಸ್ತೈತಿ, ಆಗ ಅದು 1024 x 576 ಆಕಾರಕ್ಕ ಹಿಗ್ಗತೈತಿ, ಅಂದ್ರ ಒಂದೊಂದು ಪಿಕ್ಸೆಲ್ ಸುಮಾರು 1.42 ಪಟ್ಟು ಅಗಲ. ಸ್ಟುಡಿಯೋದ ಹುಡುಗ ಫೋಟೋ ಹಂಗೇ 720 x 576 ಹಾಳಿ ಮ್ಯಾಲೆ ಕುಂದ್ರಿಸ್ಯಾನ, ತಾಳ ತತ್ತಿ ಆಗೈತಿ. ಮೆನು ಚಿತ್ರ ಮೊದಲು 1024 x 576ದಾಗ ಮಾಡಿಕೊಂಡು, ಎಲ್ಲಾ ಮುಗದ ಮ್ಯಾಲೆ 720 x 576ಕ್ಕ ಅಮುಕಬೇಕು, ಕತ್ತರಿಸಬಾರದು. ಕಂಪ್ಯೂಟರ್‌ನ್ಯಾಗ ಆಗ ಎಲ್ಲಾರೂ ಸಣಕಲು ಕಾಣ್ತಾರ, ಕಾಣ್ಲಿ, ಟಿವ್ಯಾಗ ಸರಿ ಆಕ್ಕಾರ.

ಇನ್ನ ಹಳದಿ ಗೆರಿ ಮಾತು. ಮೆನು ಚಿತ್ರ ಬ್ಯಾರೆ, ಗೆರಿ ಬ್ಯಾರೆ. ಫೋಟೋ ಫ್ರೇಮಿನ ಗಾಜಿನ ಮ್ಯಾಲೆ ಸ್ಕೆಚ್ ಪೆನ್ನಿಂದ ಗೆರಿ ಎಳದಂಗ, ಗೆರಿ ಇರೋ ಪದರಕ್ಕ ಸಬ್‌ಪಿಕ್ಚರ್ ಅಂತಾರ. ಡಬ್ಬಾ ಟಿವಿಗೆ ಅಗಲ ಚಿತ್ರ ತೋರಿಸೋ ಮುಂದ ಪ್ಲೇಯರ್ ಚಿತ್ರದ ಎತ್ತರ 576 ಲೈನಿಂದ 432ಕ್ಕ ಇಳಸ್ತೈತಿ, ಮ್ಯಾಲೆ 72 ಕೆಳಗ 72 ಲೈನ್ ಕರೀ ಪಟ್ಟಿ, ಇದ ಲೆಟರ್‌ಬಾಕ್ಸ್. ಒಳಗಿನ ಫೋಟೋ ಸಣ್ಣದಾತು, ಗಾಜು ಇದ್ದಂಗ ಉಳೀತು. ನಮ್ಮ ಡಿಸ್ಕಿನ್ಯಾಗ ಅಪ್ಪನ ಭಜನಿ ಬಟನ್ ಮ್ಯಾಲಿಂದ 500ನೇ ಲೈನಿಗೆ ಇತ್ತು, ಅವ್ವನ ಟಿವ್ಯಾಗ ಹೆಸರು 447ಕ್ಕ ಬಂತು, ಗೆರಿ 500ಕ್ಕೇ ನಿಂತು. 53 ಲೈನ್ ಕೆಳಗ. ಪರದೆ ನಟ್ಟನಡುವ ಇರೋ ಬಟನ್‌ಗೆ ಮಾತ್ರ ಈ ತ್ರಾಸಿಲ್ಲ. ಮ್ಯಾಲಿನ ಗೆರಿ ಮ್ಯಾಲಕ್ಕ, ಕೆಳಗಿನ ಗೆರಿ ಕೆಳಕ್ಕ ಸರಿದಿದ್ರ ಇದ ರೋಗ ಅಂತ ತಿಳೀರಿ.

ಮದ್ದು ಏನಂದ್ರ, ಅಗಲ ಮೆನುಕ್ಕ ಎರಡು ಗಾಜು ಬೇಕು, ಅಗಲ ಟಿವಿಗೆ ಒಂದು, ಲೆಟರ್‌ಬಾಕ್ಸಿಗೆ ಅಂತ ಗೆರಿ ಸರಿಸಿದ್ದು ಇನ್ನೊಂದು. ನಾನು ಡಿಸ್ಕಿನ್ಯಾಗಿನ ವಿಡಿಯೋ ಟಿಎಸ್ ಫೋಲ್ಡರ್ ಕಂಪ್ಯೂಟರ್‌ಗೆ ಕಾಪಿ ಮಾಡಿಕೊಂಡು, ಡಿವಿಡಿಆಥರ್ ಅನ್ನೋ ಫುಕಟ್ ಸಾಫ್ಟ್‌ವೇರ್‌ನ್ಯಾಗ ಮೆನು ಒಂದೇ ಹೊಸದಾಗಿ ಕಟ್ಟಿದೆ. ಅದರ ಜೊತಿಗೇ ಬರೋ, ಮೆನುಕ್ಕ ಗೆರಿ ಪದರ ಸೇರಿಸೋ ಸ್ಪಮಕ್ಸ್‌ನ ಎರಡು ಸಲ ಓಡಿಸಿ ಸ್ಟ್ರೀಮ್ 0 ವೈಡ್‌ಸ್ಕ್ರೀನ್, ಸ್ಟ್ರೀಮ್ 1 ಲೆಟರ್‌ಬಾಕ್ಸ್ ಅಂತ ಹಾಕಬೇಕು, ಡಿವಿಡಿಆಥರ್‌ಗೆ ಕೊಡೋ ಎಕ್ಸ್‌ಎಂಎಲ್ ಫೈಲಿನ್ಯಾಗ ಆಸ್ಪೆಕ್ಟ್ 16:9, ವೈಡ್‌ಸ್ಕ್ರೀನ್ ನೋಪ್ಯಾನ್‌ಸ್ಕ್ಯಾನ್ (ಆಜೂಬಾಜೂ ಕತ್ತರಿಸಿ ತೋರಿಸಬ್ಯಾಡ ಅನ್ನೋ ಅರ್ಥ) ಅಂತ ಬರೀಬೇಕು. ಮದಿವಿ ವಿಡಿಯೋ ಮತ್ತ ಎನ್‌ಕೋಡ್ (ಹೊಸದಾಗಿ ತಯಾರು) ಮಾಡೋ ಕೆಲಸ ಇಲ್ಲ, ಇದ್ದದ್ದು ಇದ್ದಂಗ ಬರ್ತೈತಿ, ಕ್ವಾಲಿಟಿ ಒಂಚೂರೂ ಕೆಡಂಗಿಲ್ಲ. ಪೂರ್ತಿ ರಾತ್ರಿ ಕಂಪ್ಯೂಟರ್ ಹಚ್ಚಿಡಬೇಕಾಕ್ಕೈತಿ ಅಂತ ಹೆದರಿ ಭಾಳ ಮಂದಿ ಸುಮ್ಮನ ಆಗಿಬಿಡ್ತಾರ, ಅದರ ಸಂಬಂಧ ಇದನ್ನ ಒತ್ತಿ ಹೇಳಾಕತ್ತೀನಿ.

ಇಷ್ಟೂ ಬ್ಯಾಡ ಅನ್ನೋರಿಗೆ ಎರಡು ಸರಳ ದಾರಿ ಅದಾವು. ಬಟನ್ ಎಲ್ಲಾ ಪರದೆ ನಡುವ ಒಂದ ಸಾಲಿನ್ಯಾಗ ಅಡ್ಡಕ್ಕ ಇಡ್ರಿ, ಲೆಟರ್‌ಬಾಕ್ಸ್ ಎತ್ತರ ಅಷ್ಟೇ ಕಡಿಮಿ ಮಾಡ್ತೈತಿ, ಅಗಲ ಮುಟ್ಟಂಗಿಲ್ಲ, ಗೆರಿ ಹೆಚ್ಚು ಸರಿಯಂಗಿಲ್ಲ. ಇಲ್ಲಾ ಅಂದ್ರ ಮೆನು 4:3 (ಡಬ್ಬಾ ಟಿವಿ ಆಕಾರ) ಮಾಡಿ ವಿಡಿಯೋ 16:9 ಇಡ್ರಿ, ಡಿವಿಡ್ಯಾಗ ಅದಕ್ಕ ಅಡ್ಡಿಲ್ಲ, ಆದ್ರ ಒಂದ ಗುಂಪಿನ ಎಲ್ಲಾ ಮೆನುನೂ ಒಂದೇ ಆಕಾರದ್ದು ಇರಬೇಕು. ಅಗಲ ಟಿವ್ಯಾಗ ಆಜೂಬಾಜೂ ಕರೀ ಪಟ್ಟಿ ಬರ್ತೈತಿ ನಿಜ. ನನ್ನ ಕೇಳಿದ್ರ ಊರಾಗಿನ ವಯಸ್ಸಾದವರು ನೋಡೋ ಡಿಸ್ಕಿಗೆ ಇದ ಚಲೋ.

ಈಗಾಗಲೇ ಇಂಥಾ ಡಿಸ್ಕ್ ಕೈಯಾಗ ಇರೋರು ಪ್ಲೇಯರ್‌ನ ಸೆಟಪ್‌ದಾಗ ಹೋಗಿ ಟಿವಿ ಟೈಪ್ 4:3 ಇದ್ದದ್ದು 16:9 ಮಾಡ್ರಿ, ಡಬ್ಬಾ ಟಿವ್ಯಾಗ ಮಂದಿ ಉದ್ದುದ್ದ ಕಾಣ್ತಾರ ಆದ್ರ ಗೆರಿ ಹೆಸರಿನ ಕೆಳಗ ಬರೋಬರಿ ಬರ್ತೈತಿ. ಹೊಸ ಡಿಸ್ಕ್ ಮಾಡೋ ತನಕ ಅವ್ವಗ ಹಿಂಗ ಮಾಡಿಕೊಟ್ಟಿದ್ದೆ.

ಸ್ಟುಡಿಯೋದವರಿಗೆ ಕೈಮುಗಿದು ಕೇಳೋದು ಇಷ್ಟ. ಕಂಪ್ಯೂಟರ್‌ನ್ಯಾಗ ವಿಎಲ್‌ಸಿ ಪ್ಲೇಯರ್ ಹಚ್ಚಿ ನೋಡಿ ಸರಿ ಐತಿ ಅನ್ನಬ್ಯಾಡ್ರಿ, ಅಲ್ಲಿ ಚಿತ್ರ, ಗೆರಿ ಎರಡೂ ಕೂಡೇ ಹಿಗ್ಗತಾವು, ತಪ್ಪು ಕಾಣಂಗೇ ಇಲ್ಲ. ಒಂದು ಡಿವಿಡಿ-ಆರ್‌ಡಬ್ಲ್ಯೂ ಡಿಸ್ಕ್ ಇಟ್ಟುಕೊಳ್ರಿ, ಅದು ಅಳಿಸಿ ಮತ್ತ ಬರಿಯೋ ಡಿಸ್ಕ್, ಅಂಗಡ್ಯಾಗಿನ ಮಾಮೂಲಿ ಪ್ಲೇಯರ್‌ಗೆ ಹಾಕಿ ಒಮ್ಮೆ 16:9, ಒಮ್ಮೆ 4:3 ಲೆಟರ್‌ಬಾಕ್ಸ್ ಸೆಟಿಂಗ್ ಇಟ್ಟು ಬಟನ್ ಒಂದೊಂದೂ ಒತ್ತಿ ನೋಡ್ರಿ, ಆಮ್ಯಾಲೆ ಬೇಕಾದಷ್ಟು ಕಾಪಿ ತಗೀರಿ. ಐದು ನಿಮಿಷದ ಕೆಲಸ. ಪ್ರಾಜೆಕ್ಟ್ ಫೈಲ್‌ನೂ ಒಂದು ವರ್ಷರ ಅಳಿಸಬ್ಯಾಡ್ರಿ, ನಮ್ಮದು ಅಳಿಸ್ಯಾರ ಅಂತನ ನಾನು ಡಿಸ್ಕಿನಿಂದ ಬಿಚ್ಚಿ ಮತ್ತ ಕಟ್ಟಬೇಕಾತು.

ಹೊಸ ಡಿಸ್ಕ್ ಹೋದ ವಾರ ಊರಿಗೆ ಕೊಟ್ಟು ಬಂದೆ. ಅವ್ವ ಈಗ ತಾನ ಕೆಳಗಿನ ಬಾಣ ಮೂರು ಸಲ ಒತ್ತತಾಳ, ಗೆರಿ ಅಪ್ಪನ ಹೆಸರಿನ ಕೆಳಗ ಬಂದು ನಿಂದರ್ತೈತಿ.

ನಿಮ್ಮ ಓದುಗ,
ವಿದ್ಯಾನಗರ, ಹುಬ್ಬಳ್ಳಿ