ಒಂಬತ್ತನೆಯ ತರಗತಿಯವರಿಗೆ: ಗುಡುಗಿನ ಲೆಕ್ಕ

ಮಕ್ಕಳೇ, ತುಲಾಮಾಸದ ಮಳೆ ಹಿಡಿದಿದೆ. ಸಂಜೆಯಾದರೆ ಸಾಕು, ಕುಂಬಳೆಯಿಂದ ಬದಿಯಡ್ಕದವರೆಗೂ ಗುಡುಗು. ಶಬ್ದದ ವೇಗ ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗದು. ಮನೆಯೊಳಗೇ ಕುಳಿತು, ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ ಬರೆದಿಡಿ. ಬೆಳಕು ತಲುಪಲು ಹಿಡಿಯುವ ಸಮಯ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಶಬ್ದ ಮಾತ್ರ ನಮ್ಮ ಸೆಕೆಯ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ. 6 ಸೆಕೆಂಡು ಎಂದರೆ 2 ಕಿಲೋಮೀಟರಿಗಿಂತ ತುಸು ಹೆಚ್ಚು. ದಯವಿಟ್ಟು ಎರಡರಿಂದ ಭಾಗಿಸಬೇಡಿ. ಅದು ಪ್ರತಿಧ್ವನಿಯ ಲೆಕ್ಕ, ಅಲ್ಲಿ ಶಬ್ದ ಹೋಗಿ ಮರಳಿ ಬರುತ್ತದೆ.

ಗುಡುಗು ಒಮ್ಮೆಗೇ ಮುಗಿಯದೆ ಏಕೆ ಉರುಳುತ್ತದೆ ಎಂದು ನಿಮ್ಮಲ್ಲೊಬ್ಬಳು ಕೇಳಿದ್ದಳು. ಪಠ್ಯಪುಸ್ತಕ ಕೇಳಬೇಕಾಗಿದ್ದ ಪ್ರಶ್ನೆ! ಮಿಂಚು ಕಿಲೋಮೀಟರುಗಟ್ಟಲೆ ಉದ್ದದ ಅಂಕುಡೊಂಕು ಗೆರೆ. ಅದರ ಹತ್ತಿರದ ಭಾಗದ ಶಬ್ದ ಮೊದಲು, ದೂರದ್ದು ಆಮೇಲೆ ಕಿವಿಗೆ ಬೀಳುತ್ತದೆ.

ಪೋಷಕರಲ್ಲಿ ವಿನಂತಿ: ಎಣಿಕೆ 30 ಸೆಕೆಂಡಿಗಿಂತ ಕಡಿಮೆ ಬಂದರೆ ಅಪಾಯ ಹತ್ತಿರದಲ್ಲೇ ಇದೆ. ಅಂಗಳದಲ್ಲಿ ಅಡಿಕೆ ನೆನೆಯುತ್ತಿದ್ದರೂ ಮಕ್ಕಳನ್ನು ಹೊರಗೆ ಕಳುಹಿಸಬೇಡಿ. ಲೆಕ್ಕವನ್ನು ಸೋಮವಾರ ನೋಟ್ ಪುಸ್ತಕದಲ್ಲೇ ತನ್ನಿ. ಗುಂಪಿಗೆ ಫೋಟೋ ಹಾಕುವುದು ಬೇಡ.