ಗಾಮ್ಚನ್‌ನ ಬಣ್ಣದ ಗೋಡೆಗಳ ಹಿಂದೆ ಜನ ಬದುಕುತ್ತಿದ್ದಾರೆ

ಸಂಪಾದಕರಿಗೆ ನಮಸ್ಕಾರ,

ದಕ್ಷಿಣ ಕೊರಿಯಾದ ಬೂಸಾನ್ ನಗರದಲ್ಲಿ ಗಾಮ್ಚನ್ ಅನ್ನೋ ಒಂದು ಬಡಾವಣೆ ಇದೆ. ಪ್ರವಾಸದ ಪುಟಗಳಲ್ಲಿ ಅದರ ಫೋಟೊ ನೀವೂ ನೋಡಿರುತ್ತೀರಿ. ಗುಡ್ಡದ ಮೈತುಂಬ ನೀಲಿ, ಹಳದಿ, ಗುಲಾಬಿ, ಹಸಿರು ಮನೆಗಳು, ದೂರದಲ್ಲಿ ಒಂದು ಚೂರು ಸಮುದ್ರ, ಕೆಳಗೆ 'ಬಣ್ಣಗಳ ಹಳ್ಳಿ' ಅಂತ ಒಂದು ಸಾಲು. ಅಷ್ಟೇ. ಈ ಚಳಿಗಾಲದಲ್ಲಿ ನಾನು ಅಲ್ಲಿ ಒಂದು ದಿನವಿಡೀ ಓಡಾಡಿ ಬಂದೆ. ಆ ಒಂದು ಸಾಲು ಸಾಲದು ಅಂತ ಬಲವಾಗಿ ಅನಿಸಿದ್ದರಿಂದ ಈ ಪತ್ರ. ಕನ್ನಡದಲ್ಲಿ ಓದಿ ಆಮೇಲೆ ಕೊರಿಯಾಕ್ಕೆ ಹೊರಡುವವರು ಈಗ ಜಾಸ್ತಿ ಆಗಿದ್ದಾರೆ. ಅಲ್ಲಿ ಯಾರಿದ್ದಾರೆ, ಆ ಮನೆಗಳು ಹೇಗೆ ಎದ್ದವು ಅಂತ ತಿಳಿದುಕೊಂಡು ಹೋದರೆ ಅವರಿಗೂ ಒಳ್ಳೆಯದು, ಆ ಊರಿನವರಿಗೂ ಒಳ್ಳೆಯದು.

ಮೊದಲು ಹೋಗುವ ದಾರಿ ಹೇಳಿಬಿಡುತ್ತೇನೆ. ಬೂಸಾನ್ ಮೆಟ್ರೊದ 1ನೇ ಮಾರ್ಗದಲ್ಲಿ ತೊಸಾಂಗ್ ನಿಲ್ದಾಣದಲ್ಲಿ ಇಳಿದು, 6ನೇ ದ್ವಾರದಿಂದ ಹೊರಗೆ ಬಂದರೆ, ಅಲ್ಲಿಂದ ಗುಡ್ಡ ಹತ್ತುವ ಪುಟ್ಟ ಬಸ್ಸುಗಳು ಸಿಗುತ್ತವೆ. ಅವನ್ನು ಅಲ್ಲಿಯವರು ಮಾಉಲ್ ಬಸ್ ಅನ್ನುತ್ತಾರೆ. ದೊಡ್ಡ ಬಸ್ಸು ತಿರುಗಲಾಗದ ದಾರಿಗಳಲ್ಲಿ ಇವು ಸಲೀಸಾಗಿ ಹೋಗುತ್ತವೆ. ಬಸ್ಸಿನಲ್ಲಿ ಅರ್ಧದಷ್ಟು ಜನ ಪ್ರವಾಸಿಗಳು, ಇನ್ನರ್ಧ ಮಾರ್ಕೆಟ್‌ಗೆ ಹೋಗಿ ತರಕಾರಿ ಚೀಲ ಹಿಡಿದು ಮನೆಗೆ ವಾಪಸಾಗುತ್ತಿದ್ದ ಅಜ್ಜಿಯರು. ಇಳಿಜಾರು ಎಷ್ಟು ಕಡಿದು ಅಂದರೆ ನಿಂತವರೆಲ್ಲ ಹಿಂದಕ್ಕೆ ವಾಲುತ್ತಿದ್ದರು. ಅಜ್ಜಿಯರು ಮಾತ್ರ ಕಂಬಿ ಹಿಡಿಯದೆ ಆರಾಮಾಗಿ ಮಾತಾಡುತ್ತಾ ನಿಂತಿದ್ದರು.

ಇನ್ನು ಆ ಮನೆಗಳ ವಿಷಯ. 1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ ದೇಶದ ಉದ್ದಗಲದಿಂದ ಜನ ಬೂಸಾನ್‌ಗೆ ಓಡಿ ಬಂದರು. ದಕ್ಷಿಣದ ತುದಿಯಲ್ಲಿದ್ದ ಈ ಬಂದರು ನಗರ ಉತ್ತರ ಕೊರಿಯಾದ ಸೇನೆಯ ಕೈಗೆ ಸಿಗಲೇ ಇಲ್ಲ, ಯುದ್ಧದ ಹೊತ್ತಿಗೆ ತಾತ್ಕಾಲಿಕ ರಾಜಧಾನಿಯೂ ಇದೇ ಆಗಿತ್ತು. ಸಮತಟ್ಟಾದ ಜಾಗ ಮೊದಲೇ ಕಡಿಮೆ. ಬಂದವರು ಗುಡ್ಡ ಹತ್ತಿದರು. ಗಾಮ್ಚನ್‌ಗೆ ಬಂದು ನೆಲೆಸಿದವರಲ್ಲಿ ಬಹಳ ಜನ ತೇಗುಕ್‌ದೊ ಅನ್ನುವ ಕೊರಿಯಾದ್ದೇ ಆದ ಒಂದು ಪಂಥದವರು. 1950ರ ದಶಕದಲ್ಲಿ ಅವರು ಒಟ್ಟಾಗಿ ಬಂದು, ಹಲಗೆ, ತಗಡು ಏನು ಸಿಕ್ಕಿತೋ ಅದರಲ್ಲೇ ಗುಡಿಸಲು ಕಟ್ಟಿಕೊಂಡರು. ಕಟ್ಟುವಾಗ ತಮ್ಮಲ್ಲೇ ಒಂದು ನಿಯಮ ಇಟ್ಟುಕೊಂಡರು: ಮುಂದಿನ ಮನೆ ಹಿಂದಿನ ಮನೆಗೆ ಅಡ್ಡ ಬರಬಾರದು. ಓಣಿಗಳು ಒಂದಕ್ಕೊಂದು ಸೇರಿಕೊಂಡಿರಬೇಕು.

ಈ ನಿಯಮ ಓದಿದಾಗ ಚೆನ್ನಾಗಿದೆ ಅನಿಸುತ್ತದೆ, ಅಷ್ಟೇ. ಚಳಿಗಾಲದಲ್ಲಿ ಅಲ್ಲಿ ನಿಂತರೆ ಅದರ ಬೆಲೆ ಮೈಗೆ ತಟ್ಟುತ್ತದೆ. ಜನವರಿಯಲ್ಲಿ ಬೂಸಾನ್‌ನಲ್ಲಿ ಹಿಮ ಬೀಳುವುದು ಅಪರೂಪ, ಆಕಾಶ ತಿಳಿಯಾಗಿರುತ್ತದೆ, ಆದರೆ ಸಮುದ್ರದ ಕಡೆಯಿಂದ ಬೀಸುವ ಗಾಳಿ ಕಿವಿ ಕೊರೆಯುತ್ತದೆ. ಸೂರ್ಯ ತುಂಬಾ ಕೆಳಗೇ ಇರುತ್ತಾನೆ. ಅಂಥ ಓರೆ ಬಿಸಿಲಲ್ಲಿ ಮುಂದೆ ಒಂದು ಎತ್ತರದ ಗೋಡೆ ಬಂದರೆ ಸಾಕು, ಹಿಂದಿನ ಮನೆಗೆ ದಿನವಿಡೀ ಬಿಸಿಲಿಲ್ಲ. ಗಾಮ್ಚನ್‌ನಲ್ಲಿ ಮಧ್ಯಾಹ್ನ ಮೇಲಿನ ರಸ್ತೆಯಿಂದ ನೋಡಿದೆ. ಸಾಲಿನ ಮೇಲೆ ಸಾಲು, ಒಂದೊಂದು ಸಾಲೂ ಹಿಂದಿನದಕ್ಕಿಂತ ಒಂದಾಳು ತಗ್ಗು, ಕಿಟಕಿ ಕಿಟಕಿಗೂ ಬಿಸಿಲು ಬಿದ್ದಿತ್ತು. ಒಂದು ತಾರಸಿಯಲ್ಲಿ ಮೀನು ಒಣಹಾಕಿದ್ದರು, ಇನ್ನೊಂದರಲ್ಲಿ ಹೊದಿಕೆ ಹರವಿದ್ದರು, ಮತ್ತೊಂದರಲ್ಲಿ ಒಬ್ಬರು ಅಜ್ಜ ದಪ್ಪ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಸುಮ್ನೆ ಬಿಸಿಲು ಕಾಯಿಸುತ್ತಾ ಕೂತಿದ್ದರು. ಮನೆಮಠ ಕಳೆದುಕೊಂಡು ಓಡಿ ಬಂದವರು, ನಾಳೆ ಏನು ಅಂತ ಗೊತ್ತಿಲ್ಲದವರು, ಪಕ್ಕದವರ ಪಾಲಿನ ಬಿಸಿಲು ತಾವು ಕಿತ್ತುಕೊಳ್ಳಬಾರದು ಅಂತ ಯೋಚಿಸಿ ಕಟ್ಟಿದ್ದಾರಲ್ಲ! ನನಗೆ ಆ ಊರಿನ ದೊಡ್ಡ ಕಲೆ ಅದೇ ಅನಿಸಿತು. ಗೋಡೆಯ ಚಿತ್ರಗಳು ಬಂದದ್ದು ಆಮೇಲೆ, ಬಹಳ ಆಮೇಲೆ.

ಎಷ್ಟು ಆಮೇಲೆ ಅಂದರೆ, 2009ರಲ್ಲಿ. ಅಷ್ಟು ಹೊತ್ತಿಗೆ ಕಿರಿಯರೆಲ್ಲ ಅಪಾರ್ಟ್‌ಮೆಂಟ್ ಹುಡುಕಿಕೊಂಡು ಹೋಗಿ, ವಯಸ್ಸಾದವರು ಉಳಿದು, ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಎಲ್ಲ ಕೆಡವಿ ಹೊಸದಾಗಿ ಕಟ್ಟುವ ಬದಲು, ಕೊರಿಯಾದ ಸಂಸ್ಕೃತಿ ಸಚಿವಾಲಯದ ನೆರವಿನಲ್ಲಿ ಕಲಾವಿದರು ಮತ್ತು ನಿವಾಸಿಗಳು ಸೇರಿ ಅಲ್ಲಲ್ಲಿ ಕಲಾಕೃತಿ ಇಡುವ ಕೆಲಸ ಶುರು ಮಾಡಿದರು. ಯೋಜನೆಗೆ 'ಕನಸು ಕಾಣುವ ಬೂಸಾನ್‌ನ ಮಾಚುಪಿಚು' ಅಂತ ಹೆಸರು (ಮಾಚುಪಿಚು ಅಂದರೆ ಪೆರು ದೇಶದ ಬೆಟ್ಟದ ಮೇಲಿನ ಪ್ರಾಚೀನ ಊರು). 2010ರಲ್ಲಿ 'ಮಿರೊ ಮಿರೊ' ಅಂತ ಇನ್ನೊಂದು ಯೋಜನೆ ಬಂತು, ಅದರಲ್ಲಿ ಖಾಲಿ ಮನೆಗಳೇ ಕಲಾಕೃತಿಗಳಾದವು.

ಓಣಿಗಳಲ್ಲಿ ದಾರಿ ತೋರಿಸುವುದು ಮರದ ಮೀನುಗಳು. ಗೋಡೆಗೆ ಬಡಿದ ಬಣ್ಣದ ಮೀನುಗಳು ಯಾವ ಕಡೆ ಮುಖ ಮಾಡಿವೆಯೋ ಆ ಕಡೆ ನಡೆಯಬೇಕು. ಒಂದು ಮಾಡಿನ ಮೇಲೆ ಮನುಷ್ಯರ ಮುಖದ ಹಕ್ಕಿಗಳು ಸಾಲಾಗಿ ಕೂತಿವೆ. ರಸ್ತೆಯ ಅಂಚಿನ ಕಟ್ಟೆಯ ಮೇಲೆ 'ಪುಟ್ಟ ರಾಜಕುಮಾರ' ಅನ್ನುವ ಫ್ರೆಂಚ್ ಕಥೆಯ ರಾಜಕುಮಾರ ಮತ್ತು ನರಿಯ ಗೊಂಬೆಗಳು ಬೆನ್ನು ತಿರುಗಿಸಿ ಊರು ನೋಡುತ್ತಾ ಕೂತಿವೆ, ಅವುಗಳ ಪಕ್ಕ ಕೂತು ಫೋಟೊ ತೆಗೆಸಿಕೊಳ್ಳಲು ಉದ್ದ ಕ್ಯೂ. ಕೊರಿಯಾದ ಪಾಪ್ ಸಂಗೀತ ತಂಡ ಬಿಟಿಎಸ್‌ನ ಜಿಮಿನ್ ಮತ್ತು ಜಂಗ್‌ಕುಕ್ ಇಬ್ಬರೂ ಬೂಸಾನ್‌ನವರೇ, ಅವರ ಚಿತ್ರ ಇರುವ ಗೋಡೆಯ ಮುಂದೆಯೂ ಹುಡುಗಿಯರ ಗುಂಪು. ಇವೆಲ್ಲ ಚೆನ್ನಾಗಿಯೇ ಇವೆ. ಆದರೆ ಆ ಚಳಿಯಲ್ಲಿ ಕ್ಯೂನಲ್ಲಿ ನಿಂತು ಅರ್ಧ ದಿನ ಕಳೆಯುವುದಕ್ಕಿಂತ ಓಣಿಗೆ ಇಳಿಯಿರಿ ಅಂತ ನನ್ನ ಸಲಹೆ. ಹೆಚ್ಚಿನವರು ಮೇಲಿನ ರಸ್ತೆಯಲ್ಲೇ ನಡೆದು, ಫೋಟೊ ತೆಗೆದು, ವಾಪಸ್ ಬಸ್ ಹತ್ತುತ್ತಾರೆ.

ಒಂದು ಕಡೆ 148 ಮೆಟ್ಟಿಲುಗಳ ಕಡಿದಾದ ದಾರಿ ಇದೆ. 'ನಕ್ಷತ್ರ ನೋಡಲು ಹೋಗುವ ಮೆಟ್ಟಿಲು' ಅಂತ ಅದರ ಹೆಸರು. ಕೇಳಲು ಎಷ್ಟು ಚಂದ ಅಲ್ವಾ? ಭಾರ ಹೊತ್ತು ಈ ಮೆಟ್ಟಿಲು ಹತ್ತಿ ಮೇಲೆ ಬಂದು ಹಿಂದಕ್ಕೆ ತಿರುಗಿದರೆ ತಲೆ ಸುತ್ತಿ ಕಣ್ಣ ಮುಂದೆ ನಕ್ಷತ್ರ ಕಾಣುತ್ತಿತ್ತಂತೆ, ಅದಕ್ಕೆ ಆ ಹೆಸರು. ಬರಿಗೈಯಲ್ಲಿ ಹತ್ತಿದರೂ ನನ್ನ ಉಸಿರು ಕಟ್ಟಿತು. ಪಕ್ಕದ ಕಬ್ಬಿಣದ ಕಂಬಿ ಮಂಜುಗಡ್ಡೆಯಷ್ಟು ತಣ್ಣಗಿತ್ತು. ಇದೇ ಮೆಟ್ಟಿಲು ಹತ್ತಿ ಒಂದು ಕಾಲದಲ್ಲಿ ಹೆಂಗಸರು ನೀರು ತಂದಿದ್ದಾರೆ, ಅಡುಗೆ ಒಲೆಗೆ ಮತ್ತು ನೆಲ ಬಿಸಿ ಮಾಡಲು ಕಲ್ಲಿದ್ದಲ ಬಿಲ್ಲೆ ತಂದಿದ್ದಾರೆ. ಮನೆಗಳು ಎಷ್ಟು ಪುಟ್ಟವು ಅಂದರೆ ಬಹಳ ಮನೆಗಳಿಗೆ ಸ್ವಂತ ಶೌಚಾಲಯವೇ ಇರಲಿಲ್ಲ, ಇಡೀ ಓಣಿಗೆ ಸೇರಿ ಒಂದು ಇರುತ್ತಿತ್ತು.

ಸ್ನಾನಕ್ಕೂ ಊರಿಗೆ ಸೇರಿದ ಸ್ನಾನದ ಮನೆ. ಹಾಗೆ ನಡೆಯುತ್ತಿದ್ದ ಒಂದು ಹಳೆಯ ಸ್ನಾನದ ಮನೆಯನ್ನು ಕೆಡವದೆ ಈಗ ಸಮುದಾಯ ಕೇಂದ್ರ ಮಾಡಿಕೊಂಡಿದ್ದಾರೆ, ಹೆಸರು ಗಾಮ್ನೆ ಔಲ್‌ತೊ. ಒಳಗೆ ಹೋದರೆ ಕೌಂಟರ್‌ನಲ್ಲಿ ದುಡ್ಡು ತೆಗೆದುಕೊಳ್ಳುವ ಹೆಂಗಸು ತೂಕಡಿಸುತ್ತಾ ಕೂತಿದ್ದಾಳೆ, ಹತ್ತಿರ ಹೋದ ಮೇಲೆ ಗೊತ್ತಾಗುತ್ತದೆ ಅದು ಗೊಂಬೆ ಅಂತ. ಊರಿನ ಎಲ್ಲ ಕಲಾಕೃತಿಗಳಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಆ ಗೊಂಬೆ. ಆ ಊರಿನ ಚಳಿಗಾಲ, ಬಿಸಿನೀರು, ದಣಿದ ಮೈ, ಎಲ್ಲವೂ ಗೊತ್ತಿದ್ದವರೇ ಮಾಡಿದ ಗೊಂಬೆ ಅದು.

ಚಳಿ ತಡೆಯಲಾರದೆ ಒಂದು ಪುಟ್ಟ ಅಂಗಡಿಯಲ್ಲಿ ಒಮುಕ್ ತಿಂದೆ. ಮೀನಿನ ಹಿಟ್ಟಿನ ಪಟ್ಟಿಗಳನ್ನು ಕಡ್ಡಿಗೆ ಮಡಚಿ ಚುಚ್ಚಿ ಸಾರಿನಲ್ಲಿ ಬೇಯಿಸುತ್ತಾರೆ, ಬೂಸಾನ್ ಅದಕ್ಕೆ ಹೆಸರುವಾಸಿ. ಜೊತೆಗೆ ಕಾಗದದ ಲೋಟದಲ್ಲಿ ಬಿಸಿ ಸಾರು. ಅಂಗಡಿಯಾಕೆ ಕೇಳದೆಯೇ ಲೋಟ ಮತ್ತೆ ತುಂಬಿಸಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಗೊತ್ತಿಲ್ಲ, ಆದರೂ ಚಳಿಗೆ ಕೈ ಉಜ್ಜಿ ತೋರಿಸಿ ನಕ್ಕರು. ಊರಿನ ನಿವಾಸಿಗಳ ಮಂಡಳಿ ತಾನೇ ಕೆಲವು ಅಂಗಡಿ, ಕೆಫೆ ನಡೆಸುತ್ತದೆ, ಅದರ ಲಾಭ ಊರಿನ ಕೆಲಸಕ್ಕೇ ಹೋಗುತ್ತದೆ. ಮಾಹಿತಿ ಕೇಂದ್ರದಲ್ಲಿ 2000 ವಾನ್‌ಗೆ ಒಂದು ನಕ್ಷೆ ಮಾರುತ್ತಾರೆ, ಅದನ್ನು ಹಿಡಿದು ಒಂದೊಂದು ಜಾಗದಲ್ಲಿ ಮುದ್ರೆ ಒತ್ತಿಸಿಕೊಳ್ಳುತ್ತಾ ಹೋಗಬಹುದು. ದಯವಿಟ್ಟು ಕೊಳ್ಳಿ. ಫೋನಿನಲ್ಲಿ ದಾರಿ ಸಿಗುತ್ತದೆ ನಿಜ, ಆದರೆ ಆ ನಕ್ಷೆ ನಿಮ್ಮನ್ನು ಯಾವ ಓಣಿಯಲ್ಲಿ ಹೋಗಬಹುದೋ ಅದರಲ್ಲೇ ಕರೆದುಕೊಂಡು ಹೋಗುತ್ತದೆ.

ಈ ಮಾತು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಓಣಿಗಳ ಗೋಡೆಯಲ್ಲಿ ಅಲ್ಲಲ್ಲಿ 'ಇಲ್ಲಿ ಜನ ವಾಸವಿದ್ದಾರೆ, ಮೆಲ್ಲಗೆ ಮಾತಾಡಿ' ಅನ್ನುವ ಫಲಕಗಳಿವೆ. ಓಣಿ ಎರಡು ಭುಜದ ಅಗಲ. ಕಿಟಕಿ ನಿಮ್ಮ ಮೊಣಕೈಗೆ ತಾಗುವಷ್ಟು ಹತ್ತಿರ. ಒಳಗೆ ಟಿವಿ ಸದ್ದು, ಪಾತ್ರೆ ಸದ್ದು ಕೇಳುತ್ತದೆ. ಅಂದ ಮೇಲೆ ನಮ್ಮ ಸದ್ದೂ ಒಳಗೆ ಕೇಳುತ್ತದೆ. ಅಂಥ ಕಡೆ ನಾಲ್ಕು ಜನ ತರುಣರು ಒಂದು ಮನೆಯ ಬಾಗಿಲ ಮುಂದೆಯೇ ನಿಂತು, ಬಾಗಿಲ ಬಣ್ಣ ಚೆನ್ನಾಗಿದೆ ಅಂತ, ಕಿರುಚಾಡುತ್ತಾ ಹಾರಿ ಹಾರಿ ವಿಡಿಯೊ ಮಾಡುತ್ತಿದ್ದರು. ಬಾಗಿಲು ತೆರೆದು ಹೊರಗೆ ಬಂದ ಮುದುಕಿ ಏನೂ ಅನ್ನದೆ, ಅವರು ಮುಗಿಸುವವರೆಗೂ ಚಳಿಯಲ್ಲಿ ಹೊಸ್ತಿಲಲ್ಲೇ ನಿಂತಿದ್ದರು. ತಮ್ಮ ಮನೆಯಿಂದ ಹೊರಗೆ ಬರಲು ಕಾಯಬೇಕು! ನನಗೆ ತುಂಬಾ ಕೆಟ್ಟದನಿಸಿತು. ದಾರಿ ಬಿಡಿ ಅಂತ ಹುಡುಗರಿಗೆ ಹೇಳಿದೆ, ಬಿಟ್ಟರು, ಕ್ಷಮೆಯನ್ನೂ ಕೇಳಿದರು. ಕೆಟ್ಟ ಹುಡುಗರೇನಲ್ಲ. ಅವರು ನೋಡಿದ್ದ ಫೋಟೊಗಳಲ್ಲಿ ಆ ಬಾಗಿಲ ಹಿಂದೆ ಒಬ್ಬರು ಇದ್ದಾರೆ ಅಂತ ಎಲ್ಲೂ ಇರಲಿಲ್ಲ.

ಇದು ಕೈಮೀರಿದರೆ ಏನಾಗುತ್ತದೆ ಅನ್ನುವುದಕ್ಕೆ ಅದೇ ದೇಶದಲ್ಲಿ ಉದಾಹರಣೆ ಇದೆ. ರಾಜಧಾನಿ ಸೋಲ್‌ನಲ್ಲಿ ನಕ್‌ಸಾನ್ ಗುಡ್ಡದ ಮೇಲೆ ಇಹ್ವಾ ಅನ್ನುವ ಬಡಾವಣೆ ಇದೆ. ಅಲ್ಲಿಯೂ 2006ರಲ್ಲಿ ಸರ್ಕಾರದ ಯೋಜನೆಯಲ್ಲಿ ಗೋಡೆ, ಮೆಟ್ಟಿಲುಗಳ ಮೇಲೆ ಚಿತ್ರಗಳು ಬಂದವು, ಜನ ಮುಗಿಬಿದ್ದರು. ಹೂವಿನ ಮೆಟ್ಟಿಲು ಮತ್ತು ಮೀನಿನ ಮೆಟ್ಟಿಲು ಅಂತ ಎರಡು ತುಂಬಾ ಹೆಸರಾಗಿದ್ದವು. ಹಗಲು ರಾತ್ರಿ ಗಲಾಟೆ, ಕಸ, ಗೋಡೆ ತುಂಬ ಗೀಚಾಟ. ಸಹಿಸಿ ಸಹಿಸಿ ಸಾಕಾಗಿ, 2016ರ ಏಪ್ರಿಲ್‌ನಲ್ಲಿ ಕೆಲವು ನಿವಾಸಿಗಳೇ ಆ ಮೆಟ್ಟಿಲುಗಳಿಗೆ ಬಣ್ಣ ಬಳಿದು ಚಿತ್ರ ಅಳಿಸಿಬಿಟ್ಟರು. ಅವರ ಮೇಲೆ ಪೊಲೀಸ್ ಕೇಸೂ ಆಯಿತು. ಅವರನ್ನು ಕಲೆ ಗೊತ್ತಿಲ್ಲದವರು ಅಂತ ಬೈಯಲು ನನಗೆ ಮನಸ್ಸಿಲ್ಲ. ನಿದ್ದೆ ಬೇಕು ಅನ್ನುವವರು ಅವರು.

ಗಾಮ್ಚನ್‌ಗೆ ಹೋಗಬೇಡಿ ಅಂತ ಹೇಳಲು ಇಷ್ಟೆಲ್ಲ ಬರೆದಿಲ್ಲ. ಹೋಗಿ, ಖಂಡಿತ ಹೋಗಿ. ಸಾಧ್ಯವಾದರೆ ಚಳಿಗಾಲದಲ್ಲೇ ಹೋಗಿ. ಜನ ಕಡಿಮೆ, ಆಕಾಶ ತಿಳಿ, ಗಾಮ್ಚನ್ ಬಂದರಿನವರೆಗೂ ಕಣ್ಣು ಹಾಯುತ್ತದೆ. ಬೆಳಗ್ಗೆ ಹೋಗಿ, ಸಂಜೆ ಐದರ ಒಳಗೆ ಹೊರಡಿ. ಚಳಿಗಾಲದಲ್ಲಿ ಕತ್ತಲೂ ಬೇಗ ಆಗುತ್ತದೆ, ಊರಿನವರಿಗೂ ತಮ್ಮ ಓಣಿ ವಾಪಸ್ ಸಿಗಬೇಕು. ತಾರಸಿ ಮೇಲೆ ಒಣಗುತ್ತಿರುವ ಬಟ್ಟೆ, ಬಿಸಿಲು ಕಾಯಿಸುತ್ತಿರುವ ಅಜ್ಜ ಅಜ್ಜಿಯರು ಎಷ್ಟೇ ಚೆನ್ನಾಗಿ ಕಂಡರೂ, ಕೇಳದೆ ಫೋಟೊ ತೆಗೆಯಬೇಡಿ. ದುಡ್ಡು ಖರ್ಚು ಮಾಡುವುದಿದ್ದರೆ ಊರಿನವರ ಅಂಗಡಿಯಲ್ಲಿ ಮಾಡಿ.

ಕಾಲಲ್ಲಿ ಇನ್ನೂ ಶಕ್ತಿ ಉಳಿದಿದ್ದರೆ ವಾಪಸ್ ಬರುವಾಗ ಬಸ್ ಹತ್ತದೆ ಗುಡ್ಡದ ಆ ಕಡೆಯ ಆಮಿ ಬಡಾವಣೆಗೆ ನಡೆದು ಇಳಿಯಿರಿ. ನಾನು ಹಾಗೇ ಇಳಿದೆ. ಜಪಾನೀಯರು ಆಳುತ್ತಿದ್ದಾಗ ಅಲ್ಲಿ ಅವರ ಸ್ಮಶಾನ ಇತ್ತು. ಯುದ್ಧದ ಸಮಯದಲ್ಲಿ ಬಂದ ನಿರಾಶ್ರಿತರಿಗೆ ಬೇರೆ ಜಾಗವೇ ಸಿಗದೆ ಸಮಾಧಿಗಳ ಮೇಲೆಯೇ ಮನೆ ಕಟ್ಟಿಕೊಂಡರು, ಸಮಾಧಿಯ ಕಲ್ಲುಗಳನ್ನೇ ಅಡಿಪಾಯಕ್ಕೆ, ಮೆಟ್ಟಿಲಿಗೆ ಹಾಕಿದರು. ಅಕ್ಷರ ಕೆತ್ತಿದ ಆ ಕಲ್ಲುಗಳು ಈಗಲೂ ಗೋಡೆಗಳ ಬುಡದಲ್ಲಿ ಕಾಣುತ್ತವೆ. ಅಲ್ಲಿ ಕ್ಯೂ ಇಲ್ಲ. ಆದರೆ ಗಾಮ್ಚನ್‌ನ ಬಣ್ಣ ನೋಡಿದವರು ಈ ಕಲ್ಲನ್ನೂ ನೋಡಬೇಕು, ಎರಡೂ ಒಂದೇ ಕಾಲದ, ಒಂದೇ ಸಂಕಟದ ಕಥೆ.

ಸಂಪಾದಕರೇ, ಪ್ರವಾಸದ ಪುಟದಲ್ಲಿ ಮುಂದೆ ಎಂದಾದರೂ ಗಾಮ್ಚನ್‌ನ ಆ ಫೋಟೊ ಹಾಕುವಾಗ, ಅಲ್ಲಿಗೆ ಯಾರು ಯಾಕೆ ಬಂದರು, ಮನೆಗಳನ್ನು ಹಾಗೆ ಸಾಲು ಸಾಲಾಗಿ ತಗ್ಗಿಸಿ ಕಟ್ಟಿದ್ದು ಯಾಕೆ, ಈಗಲೂ ಅಲ್ಲಿ ಯಾರಿದ್ದಾರೆ, ಇಷ್ಟನ್ನು ನಾಲ್ಕು ಸಾಲಿನಲ್ಲಿ ಜೊತೆಗೆ ಹಾಕಿ. ಜಾಗ ಸಾಲದಿದ್ದರೆ ಬಸ್ಸು, ಹೋಟೆಲಿನ ವಿವರ ಬಿಟ್ಟರೂ ಪರವಾಗಿಲ್ಲ, ಅವು ಫೋನಿನಲ್ಲಿ ಸಿಗುತ್ತವೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ