ಐದು ಅಡಿ ಕಪಾಟನ್ನು ಎಲ್ಲಿಂದ ತೆರೆಯಬೇಕು?

ಚಿರಂಜೀವಿ ಮಗುವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಲೋಕದ ಹೆಸರಾಂತ ಬರಹಗಳನ್ನು ಒಟ್ಟುಗೂಡಿಸಿದ ಹಾರ್ವರ್ಡ್ ಕ್ಲಾಸಿಕ್ಸ್ ಮಾಲೆಯ ಹಳೆಯ ಸಂಪುಟಗಳು ನಿನ್ನ ಕೈಸೇರಿದ ಸುದ್ದಿ ಓದಿ ಬಹಳ ಸಂತೋಷವಾಯಿತು. ಆದರೆ ಒಂದರಿಂದ ಐವತ್ತರವರೆಗೆ ಸಾಲಾಗಿ ಓದಿ ಮುಗಿಸುತ್ತೇನೆ ಎಂದಿದ್ದೀಯಲ್ಲ, ಅದು ಬೇಡ. ಆ ಸಂಖ್ಯೆಗಳು ಕಾಲಕ್ರಮದವಲ್ಲ. ಮೊದಲನೆಯದರಲ್ಲಿ 18ನೇ ಶತಮಾನದ ಅಮೆರಿಕದ ಫ್ರಾಂಕ್ಲಿನ್, ಎರಡನೆಯದರಲ್ಲಿ ಪ್ರಾಚೀನ ಗ್ರೀಸಿನ ತತ್ತ್ವಜ್ಞಾನಿ ಪ್ಲೇಟೋ!

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು 40 ವರ್ಷ ನಡೆಸಿದ ಚಾರ್ಲ್ಸ್ ಎಲಿಯಟ್ 1909–10ರಲ್ಲಿ ಈ ಮಾಲೆಯನ್ನು ಹೊರತಂದರು. ಐದು ಅಡಿ ಕಪಾಟಿನಲ್ಲಿ ಹಿಡಿಯುವಷ್ಟು ಪುಸ್ತಕಗಳನ್ನು ದಿನಕ್ಕೆ 15 ನಿಮಿಷ ಶ್ರದ್ಧೆಯಿಂದ ಓದಿದರೂ ಒಳ್ಳೆಯ ವಿದ್ಯೆ ದಕ್ಕುತ್ತದೆ ಎಂಬುದು ಅವರ ನಂಬಿಕೆ. ನನಗೂ ಆ ನಂಬಿಕೆ ಇದೆ.

ವೈದ್ಯಕೀಯ ಓದುತ್ತಿರುವ ನೀನು 38ನೇ ಸಂಪುಟದಿಂದ ತೊಡಗು. ಅದರಲ್ಲಿ 16ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ ತನ್ನ ಯುದ್ಧಯಾತ್ರೆಗಳನ್ನು ತಾನೇ ಹೇಳಿಕೊಂಡಿದ್ದಾನೆ. ಗುಂಡೇಟಿನ ಗಾಯಕ್ಕೆ ಕುದಿಯುವ ಎಣ್ಣೆ ಸುರಿಯುವುದೇ ಆಗಿನ ಚಿಕಿತ್ಸೆ. ಒಂದು ದಿನ ಎಣ್ಣೆ ಸಾಲದೇ ಹೋಯಿತು. ಮೊಟ್ಟೆಯ ಹಳದಿ, ಗುಲಾಬಿ ತೈಲ, ಟರ್ಪಂಟೈನ್ ಬೆರೆಸಿ ಹಚ್ಚಿದ. ಆ ರೋಗಿಗಳು ವಿಷವೇರಿ ಸತ್ತೇ ಹೋಗುತ್ತಾರೆಂಬ ಭಯಕ್ಕೆ ರಾತ್ರಿ ನಿದ್ದೆ ಹತ್ತಲಿಲ್ಲ. ನಸುಕಿನಲ್ಲೇ ಹೋಗಿ ನೋಡಿದರೆ ಅವರಿಗೆ ನೋವೂ ಬಾವೂ ಕಡಿಮೆ. ಎಣ್ಣೆ ಸುರಿಸಿಕೊಂಡವರು ಜ್ವರದಲ್ಲಿ ನರಳುತ್ತಿದ್ದರು. ಪಠ್ಯಪುಸ್ತಕ ನಿನಗೆ ತೀರ್ಮಾನವನ್ನು ಕೊಡುತ್ತದೆ, ಆ ರಾತ್ರಿಯ ತಳಮಳವನ್ನು ಕೊಡುವುದಿಲ್ಲ. ಸಿಡುಬಿನ ಲಸಿಕೆಯ ಜೆನ್ನರ್, ನಂಜುನಿರೋಧಕ ಶಸ್ತ್ರಚಿಕಿತ್ಸೆಯ ಲಿಸ್ಟರ್, ರೋಗಾಣುಗಳ ಅಧ್ಯಯನದ ಪಾಶ್ಚರ್ ಬರಹಗಳೂ ಅದೇ ಸಂಪುಟದಲ್ಲಿವೆ.

ಆಮೇಲೆ 30ನೆಯದರಲ್ಲಿ ಮೇಣದಬತ್ತಿಯ ಕುರಿತ ಇಂಗ್ಲಿಷ್ ವಿಜ್ಞಾನಿ ಫ್ಯಾರಡೆಯ ಉಪನ್ಯಾಸಗಳನ್ನು ಓದು. ಆರಿಸಿದ ಬತ್ತಿಯ ಹೊಗೆಗೆ ಉರಿ ತಾಗಿಸಿ ಮತ್ತೆ ಹೊತ್ತಿಸುವ ಪ್ರಯೋಗವನ್ನು ನೀನೂ ಮಾಡಿ ನೋಡು.

ಇಷ್ಟರಲ್ಲೇ ಲೋಕದ ಜ್ಞಾನವೆಲ್ಲ ಅಡಗಿದೆ ಎಂದು ಮಾತ್ರ ತಿಳಿಯಬೇಡ. ಹೆಂಗಸರ ಬರಹ ಇಲ್ಲಿ ತೀರಾ ವಿರಳ. ಭಗವದ್ಗೀತೆ 45ನೆಯದರಲ್ಲಿದೆ, ಆದರೆ ನಮ್ಮ ಕಾವ್ಯ, ನಾಟಕ, ಗಣಿತ ಯಾವುದೂ ಇಲ್ಲ. ಆ ಕೊರತೆಯನ್ನು ಬೇರೆ ಪುಸ್ತಕಗಳಿಂದ ನೀನೇ ತುಂಬಿಕೊಳ್ಳಬೇಕು.

50ನೇ ಸಂಪುಟ ವಿಷಯಸೂಚಿ. ಅದು ಸದಾ ಮೇಜಿನ ಮೇಲಿರಲಿ. ಉಳಿದವನ್ನು ಕಪಾಟಿನಿಂದ ತೆಗೆಯುವಾಗ ಬೆನ್ನಿನ ತುದಿಗೆ ಬೆರಳು ಸಿಕ್ಕಿಸಿ ಎಳೆಯಬೇಡ, ಹಳೆಯ ರಟ್ಟು ಕಿತ್ತುಬರುತ್ತದೆ. ಅಕ್ಕಪಕ್ಕದವನ್ನು ಒಳಕ್ಕೆ ಒತ್ತಿ, ನಡುವನ್ನು ಹಿಡಿದು ತೆಗೆ.

ಇಂತಿ,
ನಿನ್ನ ದೊಡ್ಡಪ್ಪ